ಮನೆಯಂಗಳದ ದ್ರಾಕ್ಷಿ: ಬಳ್ಳಿಯ ತೊಂದರೆಗಳನ್ನು ಗುರುತಿಸಿ ಸರಿಪಡಿಸುವ ಕ್ರಮ

ದ್ರಾಕ್ಷಿ ಬಳ್ಳಿಯನ್ನು ಬದುಕಿಸಿಕೊಳ್ಳುವುದು ಸುಲಭ. ಅದರಿಂದ ತಿನ್ನಲು ಯೋಗ್ಯವಾದ ಗೊಂಚಲನ್ನು ಪಡೆಯಲು ಹೊರಟಾಗ ಕಷ್ಟಗಳು ಒಂದೊಂದಾಗಿ ತಲೆ ಎತ್ತುತ್ತವೆ. ನೆಟ್ಟ ಮೂರು ವರ್ಷಗಳಲ್ಲಿ ಚಪ್ಪರವನ್ನೆಲ್ಲ ತುಂಬಿಕೊಂಡು, ನೆರಳಿಗೆ ಕುಳಿತುಕೊಳ್ಳುವಷ್ಟು ದಟ್ಟವಾಗಿ ಹಬ್ಬಿ, ಒಂದು ಗೊಂಚಲನ್ನೂ ಬಿಡದೆ ನಿಲ್ಲುವ ಬಳ್ಳಿಗಳು ಅನೇಕ ಮನೆಗಳಲ್ಲಿವೆ. ಅಂಥ ಬಳ್ಳಿಯ ಮುಂದೆ ನಿಂತವರು ಸಾಮಾನ್ಯವಾಗಿ ಮೊದಲು ಗೊಬ್ಬರ ಹಾಕುತ್ತಾರೆ, ಆಮೇಲೆ ಯಾವುದಾದರೂ ಔಷಧವನ್ನು ಸಿಂಪಡಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಮನೆಯ ದ್ರಾಕ್ಷಿಯ ತೊಂದರೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಕತ್ತರಿಯನ್ನು ಸರಿಯಾಗಿ ಬಳಸದೆ ಇರುವುದರಿಂದಲೇ ಹುಟ್ಟುತ್ತವೆ. ಫಲ ಬಾರದಿರುವುದು, ಬೂದಿರೋಗ, ಹುಳಿ ಹಣ್ಣು ಇವೆಲ್ಲಕ್ಕೂ ಬಳ್ಳಿಯ ಒಳಗಿನ ಕತ್ತಲೆಗೂ ನೇರ ಸಂಬಂಧವಿದೆ.

ಮೊದಲು ನೋಡುವುದು

ಏನನ್ನಾದರೂ ಮಾಡುವ ಮೊದಲು ಬಳ್ಳಿಯನ್ನು ಹಗಲು ಬೆಳಕಿನಲ್ಲಿ ಹತ್ತು ನಿಮಿಷ ಪರಿಶೀಲಿಸಬೇಕು. ತೊಂದರೆ ತುದಿಯ ಎಳೆಯ ಎಲೆಗಳಲ್ಲಿದೆಯೇ ಅಥವಾ ಬುಡದ ಹಳೆಯ ಎಲೆಗಳಲ್ಲಿದೆಯೇ, ಎಲೆಯ ಮೇಲ್ಬದಿಯಲ್ಲಿದೆಯೇ ಕೆಳಬದಿಯಲ್ಲಿದೆಯೇ, ಬಿಸಿಲು ಬೀಳುವ ಕಡೆಯಲ್ಲಿ ಹೆಚ್ಚೋ ನೆರಳಿನ ಕಡೆಯಲ್ಲಿ ಹೆಚ್ಚೋ ಎಂಬ ಮೂರು ಸಂಗತಿಗಳು ತಿಳಿದರೆ ಕಾರಣದ ಹತ್ತಿರಕ್ಕೆ ಬಂದಂತೆಯೇ. ಕಳೆದ ಬಾರಿ ಬಳ್ಳಿಯನ್ನು ಸವರಿದ ದಿನಾಂಕವನ್ನೂ ಬರೆದಿಟ್ಟುಕೊಂಡಿರುವುದು ಒಳ್ಳೆಯದು, ಏಕೆಂದರೆ ದ್ರಾಕ್ಷಿಯಲ್ಲಿ ಮುಂದಿನ ಪ್ರತಿಯೊಂದು ಹಂತವನ್ನೂ ಆ ದಿನದಿಂದಲೇ ಎಣಿಸುತ್ತಾರೆ.

ತೊಂದರೆಯಂತೆ ಕಂಡರೂ ತೊಂದರೆಯಲ್ಲದ ಎರಡು ಸಂಗತಿಗಳಿವೆ. ರಭಸವಾಗಿ ಬೆಳೆಯುತ್ತಿರುವ ಕುಡಿಗಳ ಮೇಲೆ ಮತ್ತು ಎಳೆಯ ಎಲೆಗಳ ಕೆಳಬದಿಯಲ್ಲಿ ಸಾಸಿವೆಗಿಂತಲೂ ಚಿಕ್ಕದಾದ, ಗಾಜಿನಂತೆ ಪಾರದರ್ಶಕವಾದ ಹನಿಗಳು ಕಾಣಿಸುತ್ತವೆ. ಇವನ್ನು ಕೀಟದ ಮೊಟ್ಟೆಗಳೆಂದು ಭಾವಿಸಿ ಔಷಧ ಹೊಡೆಯುವವರಿದ್ದಾರೆ. ವಾಸ್ತವದಲ್ಲಿ ಅವು ಬಳ್ಳಿಯೇ ಹೊರಸೂಸಿದ ರಸದ ಗುಳಿಗೆಗಳು, ತಾವಾಗಿಯೇ ಒಣಗಿ ಉದುರುತ್ತವೆ. ಇನ್ನೊಂದು, ಚಿಗುರುವ ಕಾಲಕ್ಕೆ ಹತ್ತಿರವಾಗಿ ಸವರಿದಾಗ ಕಡ್ಡಿಯ ತುದಿಯಿಂದ ದಿನಗಟ್ಟಲೆ ನೀರು ತೊಟ್ಟಿಕ್ಕುವುದು. ಬೇರುಗಳು ಎಚ್ಚರಗೊಂಡು ನೀರನ್ನು ಮೇಲಕ್ಕೆ ತಳ್ಳುತ್ತಿವೆ ಎಂಬುದಷ್ಟೇ ಇದರ ಅರ್ಥವಾಗಿರುವುದರಿಂದ ಗಾಯಕ್ಕೆ ಮೇಣ ಹಚ್ಚುವ ಅಗತ್ಯವಿಲ್ಲ.

ಗೊಂಚಲೇ ಬಾರದಿದ್ದರೆ

ಬಳ್ಳಿಯ ವಯಸ್ಸು ಮತ್ತು ಮೂಲವನ್ನು ಮೊದಲು ವಿಚಾರಿಸಿ. ಕಡ್ಡಿಯಿಂದ ಅಥವಾ ಕಸಿಯಿಂದ ಬೆಳೆಸಿದ ಬಳ್ಳಿ ಮೊದಲ ವರ್ಷ ಬೇರು ಬಿಡುತ್ತದೆ, ಎರಡನೆಯ ವರ್ಷ ಕಾಂಡ ಮತ್ತು ತೋಳುಗಳನ್ನು ಕಟ್ಟಿಕೊಳ್ಳುತ್ತದೆ, ಮೂರನೆಯ ವರ್ಷದಿಂದ ಫಲಕ್ಕೆ ಸಿದ್ಧವಾಗುತ್ತದೆ. ಅದಕ್ಕೂ ಮೊದಲೇ ಗೊಂಚಲು ಕಾಣಿಸಿಕೊಂಡರೆ ಕಿತ್ತುಹಾಕುವುದೇ ಸರಿ. ಬೀಜದಿಂದ ಹುಟ್ಟಿದ ಬಳ್ಳಿ ಹೆಚ್ಚು ಕಾಲ ತೆಗೆದುಕೊಳ್ಳುವುದಲ್ಲದೆ ತಾಯಿಯ ಗುಣವನ್ನು ಹಾಗೆಯೇ ತರುವುದಿಲ್ಲ. ಅಂಥದ್ದಕ್ಕೆ ವರ್ಷಗಟ್ಟಲೆ ಕಾಯುವ ಬದಲು ಒಳ್ಳೆಯ ತಳಿಯ ಕಡ್ಡಿಯನ್ನು ನೆಡುವುದು ಲೇಸು.

ವಯಸ್ಸು ಸರಿಯಿದ್ದರೆ ಬಿಸಿಲನ್ನು ಅಳೆಯಿರಿ. ದ್ರಾಕ್ಷಿಗೆ ದಿನಕ್ಕೆ ಕನಿಷ್ಠ 7–8 ಗಂಟೆಗಳ ನೇರ ಬಿಸಿಲು ಬೇಕು. ಗೋಡೆಯ ಅಥವಾ ಮರದ ನೆರಳು ಇದಕ್ಕೆ ಅಡ್ಡ ಬರುತ್ತಿದ್ದರೆ ಬಳ್ಳಿಯನ್ನು ಬಿಸಿಲಿನ ಕಡೆಗೆ ಎಳೆದು ಹಬ್ಬಿಸುವುದನ್ನು ಬಿಟ್ಟು ಬೇರೆ ಪರಿಹಾರವಿಲ್ಲ.

ಇವೆರಡೂ ಸರಿಯಿದ್ದು ಫಲವಿಲ್ಲವೆಂದರೆ ಸವರುವಿಕೆಯ ಕಡೆಗೆ, ಅಂದರೆ ಬೆಳೆಗಾರರ ಮಾತಿನಲ್ಲಿ ಚಾಟನಿಯ ಕಡೆಗೆ ತಿರುಗಬೇಕು. ಇಲ್ಲಿ ಸ್ವಲ್ಪ ನಿಧಾನಿಸುವುದು ಅವಶ್ಯ. ದ್ರಾಕ್ಷಿಯ ಗೊಂಚಲು ಹಳೆಯ ಕಾಂಡದ ಮೇಲೆ ನೇರವಾಗಿ ಹುಟ್ಟುವುದಿಲ್ಲ. ಕಳೆದ ಹಂಗಾಮಿನಲ್ಲಿ ಬೆಳೆದು, ಕಂದು ಬಣ್ಣಕ್ಕೆ ತಿರುಗಿ ಬಲಿತ ಕಡ್ಡಿಯ ಕಣ್ಣಿನಿಂದ ಈ ಹಂಗಾಮಿನಲ್ಲಿ ಹೊರಡುವ ಹಸಿರು ಕುಡಿಯ ಮೇಲೆ, ಎಲೆಯ ಎದುರು ಬದಿಯಲ್ಲಿ ಅದು ಮೂಡುತ್ತದೆ. ಬಳ್ಳಿ ಆಸರೆಗೆ ಸುತ್ತಿಕೊಳ್ಳುವ ನುಲಿತಂತು ಮೂಡುವುದೂ ಅದೇ ಜಾಗದಲ್ಲಿ, ಏಕೆಂದರೆ ಗೊಂಚಲು ಮತ್ತು ನುಲಿತಂತು ಒಂದೇ ಮೂಲದಿಂದ ಬೆಳೆಯುವ ಅಂಗಗಳು. ಕಣ್ಣು ರೂಪುಗೊಳ್ಳುತ್ತಿದ್ದ ಕಾಲದಲ್ಲಿ, ಎಂದರೆ ಹಿಂದಿನ ಹಂಗಾಮಿನಲ್ಲಿಯೇ, ಅದರ ಮೇಲೆ ಬಿಸಿಲು ಬಿದ್ದಿದ್ದರೆ ಆ ಮೂಲ ಗೊಂಚಲಾಗುತ್ತದೆ. ದಟ್ಟ ಎಲೆಗಳ ನೆರಳಿನಲ್ಲಿ ಉಳಿದಿದ್ದರೆ ಬರಿಯ ನುಲಿತಂತಾಗುತ್ತದೆ. ಸವರದೆ ಬಿಟ್ಟ ಬಳ್ಳಿಯಲ್ಲಿ ವರ್ಷದಿಂದ ವರ್ಷಕ್ಕೆ ಫಲ ಕಡಿಮೆಯಾಗುವ ರಹಸ್ಯ ಇಷ್ಟೇ.

ಆದ್ದರಿಂದ ಹಿಂದಿನ ಹಂಗಾಮಿನ ಬೆಳವಣಿಗೆಯಲ್ಲಿ ಹತ್ತರಲ್ಲಿ ಎಂಟು ಒಂಬತ್ತು ಪಾಲನ್ನು ಪ್ರತಿ ವರ್ಷ ತೆಗೆಯಬೇಕು. ಹೊಸಬರಿಗೆ ಈ ಪ್ರಮಾಣವನ್ನು ಕೇಳಿದರೆ ಕೈ ನಡುಗುತ್ತದೆ, ಆದರೆ ಹೆಚ್ಚು ಕತ್ತರಿಸಿ ಬಳ್ಳಿಯನ್ನು ಕೊಂದವರಿಗಿಂತ ಕಡಿಮೆ ಕತ್ತರಿಸಿ ಫಲ ಕಳೆದುಕೊಂಡವರೇ ಹೆಚ್ಚು. ಸವರುವಾಗ ಈ ಕ್ರಮವನ್ನು ಅನುಸರಿಸಿ. ಮೊದಲು ಒಣಗಿದ, ರೋಗ ತಗಲಿದ, ಬೆಂಕಿಕಡ್ಡಿಯಷ್ಟು ತೆಳ್ಳಗಿನ ರೆಂಬೆಗಳನ್ನು ಬುಡದವರೆಗೂ ತೆಗೆಯಿರಿ. ಅನಂತರ ಮುಖ್ಯ ಕಾಂಡವೊಂದನ್ನೂ ಅದರಿಂದ ಎರಡೂ ಬದಿಗೆ ಹೊರಟ ತೋಳುಗಳನ್ನೂ ಗುರುತಿಸಿ, ಅವುಗಳ ಮೇಲೆ ಗೇಣಿಗೊಂದರಂತೆ ಪೆನ್ಸಿಲ್ ದಪ್ಪದ, ಗೆಣ್ಣುಗಳು ಹತ್ತಿರವಿರುವ, ಬಿಸಿಲಿನಲ್ಲಿ ಬೆಳೆದ ಕಡ್ಡಿಗಳನ್ನು ಆರಿಸಿಕೊಳ್ಳಿ. ಉಳಿದವನ್ನೆಲ್ಲ ಕತ್ತರಿಸಿ. ಕೊನೆಗೆ ಆರಿಸಿದ ಕಡ್ಡಿಗಳನ್ನು ತಳಿಗೆ ತಕ್ಕ ಉದ್ದಕ್ಕೆ ಕಡಿಯಿರಿ.

ಆ ಉದ್ದದಲ್ಲಿಯೇ ಅನೇಕರು ಎಡವುತ್ತಾರೆ. ಹಲವು ತಳಿಗಳಲ್ಲಿ ಬುಡದ ಎರಡು ಮೂರು ಕಣ್ಣುಗಳೇ ಫಲ ಕೊಡುತ್ತವೆ, ಆದ್ದರಿಂದ ಅವನ್ನು ಗಿಡ್ಡಕ್ಕೆ ಕಡಿಯಬಹುದು. ಥಾಮ್ಸನ್ ಸೀಡ್‌ಲೆಸ್‌ನಂತಹ ಬೀಜರಹಿತ ತಳಿಗಳಲ್ಲಿ ಬುಡದ ಕಣ್ಣುಗಳು ಸಾಮಾನ್ಯವಾಗಿ ಬಂಜೆಯಾಗಿರುತ್ತವೆ, ಹೀಗಾಗಿ ಕಡ್ಡಿಯಲ್ಲಿ 8ರಿಂದ 12 ಕಣ್ಣುಗಳನ್ನು ಉಳಿಸಿ, ಪಕ್ಕದಲ್ಲಿ ಮುಂದಿನ ವರ್ಷದ ಕಡ್ಡಿಗಾಗಿ ಎರಡು ಕಣ್ಣಿನ ಒಂದು ಗಿಡ್ಡ ತುಂಡನ್ನೂ ಬಿಡಬೇಕಾಗುತ್ತದೆ. ತಳಿ ಯಾವುದೆಂದು ತಿಳಿಯದಿದ್ದರೆ ಒಂದು ಸರಳ ಪರೀಕ್ಷೆಯಿದೆ: ಒಂದು ವರ್ಷ ಕೆಲವು ಕಡ್ಡಿಗಳನ್ನು ಗಿಡ್ಡವಾಗಿಯೂ ಕೆಲವನ್ನು ಉದ್ದವಾಗಿಯೂ ಬಿಟ್ಟು, ಗೊಂಚಲು ಎಷ್ಟನೆಯ ಕಣ್ಣಿನಿಂದ ಬಂತೆಂದು ಎಣಿಸಿದರೆ ಬಳ್ಳಿಯೇ ಉತ್ತರ ಹೇಳುತ್ತದೆ.

ಸವರುವ ಕಾಲ ಹವಾಮಾನದ ಮೇಲೆ ನಿಂತಿದೆ. ಚಳಿಗೆ ಎಲೆ ಉದುರುವ ಪ್ರದೇಶಗಳಲ್ಲಿ ಚಳಿಗಾಲದ ಕೊನೆಯಲ್ಲಿ, ಕಣ್ಣು ಉಬ್ಬುವ ಮೊದಲು ಒಂದು ಸಲ ಸವರಿದರೆ ಸಾಕು. ತಡವಾದ ಹಿಮದ ಭಯವಿದ್ದಲ್ಲಿ ಸವರುವಿಕೆಯನ್ನೂ ಸ್ವಲ್ಪ ತಡಮಾಡಿದರೆ ಚಿಗುರು ತಡವಾಗಿ ಬಂದು ಉಳಿದುಕೊಳ್ಳುತ್ತದೆ. ಉಷ್ಣವಲಯದಲ್ಲಿ ಬಳ್ಳಿ ನಿದ್ರಿಸುವುದೇ ಇಲ್ಲವಾದ್ದರಿಂದ ವರ್ಷಕ್ಕೆ ಎರಡು ಬಾರಿ ಸವರುವ ಪದ್ಧತಿಯಿದೆ: ಕೊಯ್ಲಾದ ಮೇಲೆ ಒಂದೆರಡು ಕಣ್ಣಿಗೆ ಕಡಿದು ಹೊಸ ಕಡ್ಡಿಗಳನ್ನು ಬೆಳೆಸುವುದು, ಸುಮಾರು ಐದಾರು ತಿಂಗಳ ಬಳಿಕ ಆ ಕಡ್ಡಿಗಳು ಬಲಿತು ಕಂದಾದಾಗ ಫಲಕ್ಕಾಗಿ ಮತ್ತೊಮ್ಮೆ ಕಡಿಯುವುದು. ಮೊದಲ ಸವರುವಿಕೆಯ ನಂತರದ ಎರಡನೆಯ ತಿಂಗಳ ಸುಮಾರಿಗೆ ಕಣ್ಣಿನೊಳಗೆ ಗೊಂಚಲಿನ ರೂಪ ನಿರ್ಧಾರವಾಗುತ್ತದೆ. ಆ ದಿನಗಳಲ್ಲಿ ಕುಡಿಗಳನ್ನು ತೆಳುವಾಗಿಸಿ ಬಿಸಿಲು ಬಿಡಬೇಕು, ನೀರನ್ನೂ ಸಾರಜನಕವನ್ನೂ ತುಸು ಹಿಡಿದು ಕೊಡಬೇಕು.

ಬಿಸಿ ಪ್ರದೇಶಗಳಲ್ಲಿ ಸವರಿದ ಮೇಲೆ ಕಡ್ಡಿಯ ತುದಿಯ ಕಣ್ಣು ಮಾತ್ರ ಒಡೆದು ಉಳಿದವು ಮಲಗಿಬಿಡುವುದು ಮತ್ತೊಂದು ದೂರು. ಕಡ್ಡಿಯನ್ನು ನೆಟ್ಟಗೆ ಬಿಡದೆ ಬಾಗಿಸಿ ಅಡ್ಡಕ್ಕೆ ಕಟ್ಟಿದರೆ ತುದಿಯ ಮೇಲುಗೈ ಮುರಿದು ನಡುವಿನ ಕಣ್ಣುಗಳೂ ಒಡೆಯುತ್ತವೆ. ತೋಟಗಳಲ್ಲಿ ಇದಕ್ಕಾಗಿ ಹೈಡ್ರೋಜನ್ ಸಯನಮೈಡ್ ಬಳಸುತ್ತಾರೆ. ಅದು ತೀವ್ರ ವಿಷವಾದ್ದರಿಂದ ಮನೆಯ ಅಂಗಳಕ್ಕೆ ತರತಕ್ಕದ್ದಲ್ಲ.

ಹೂ ಬಂದು ಉದುರಿದರೆ

ದ್ರಾಕ್ಷಿಯ ಹೂಗೊಂಚಲಿನಲ್ಲಿರುವ ಹೂಗಳೆಲ್ಲ ಕಾಯಾಗುವುದಿಲ್ಲ. ಅರ್ಧಕ್ಕಿಂತ ಹೆಚ್ಚು ಉದುರುವುದು ಸಹಜವೇ. ಪೂರ್ತಿ ಬರಿದಾದರೆ ಮಾತ್ರ ಚಿಂತಿಸಬೇಕು. ಬೆಳೆಸುವ ತಳಿಗಳಲ್ಲಿ ಬಹುತೇಕ ಎಲ್ಲವೂ ದ್ವಿಲಿಂಗಿ ಹೂಗಳವು ಆಗಿರುವುದರಿಂದ ಒಂದೇ ಬಳ್ಳಿಯಿದ್ದರೂ ಕಾಯಿ ಕಚ್ಚುತ್ತದೆ, ಜೇನುನೊಣಗಳಿಗಾಗಿ ಕಾಯಬೇಕಿಲ್ಲ. ಹೂವಿನ ಹೊತ್ತಿಗೆ ಮಳೆ ಅಥವಾ ಚಳಿ ಬಂದರೆ ನಮ್ಮ ಕೈಯಲ್ಲಿ ಏನೂ ಇಲ್ಲ. ಆದರೆ ಸಾರಜನಕ ಹೆಚ್ಚಾಗಿ ಕುಡಿಗಳು ಓಟಕ್ಕಿಳಿದಿದ್ದರೆ, ಹೂ ಅರಳುವ ಮುನ್ನ ಕುಡಿಯ ತುದಿಯನ್ನು ಚಿವುಟಿದಾಗ ಆಹಾರ ಗೊಂಚಲಿನ ಕಡೆಗೆ ತಿರುಗುತ್ತದೆ. ಒಂದೇ ಗೊಂಚಲಿನಲ್ಲಿ ಕೆಲವು ಕಾಯಿ ದಪ್ಪವಾಗಿ, ಕೆಲವು ಮೆಣಸಿನಕಾಳಿನಷ್ಟೇ ಉಳಿದರೆ ಬೋರಾನ್ ಅಥವಾ ಸತುವಿನ ಕೊರತೆಯನ್ನು ಶಂಕಿಸಬಹುದು. ಬೋರಾನ್ ಕೊರತೆಗೂ ವಿಷಕ್ಕೂ ನಡುವಿನ ಅಂತರ ಬಹಳ ಕಿರಿದು, ಹಾಗಾಗಿ ಮಣ್ಣು ಅಥವಾ ಎಲೆಯ ಪರೀಕ್ಷೆಯಿಲ್ಲದೆ ಅಂದಾಜಿನಲ್ಲಿ ಹಾಕಬಾರದು.

ಎಲೆ ಮತ್ತು ಕಾಯಿಯ ರೋಗಗಳು

ಮನೆಯಲ್ಲಿ ಕಾಡುವ ಎರಡು ಮುಖ್ಯ ಶಿಲೀಂಧ್ರ ರೋಗಗಳನ್ನು ಜನ ಒಂದೇ ಎಂದು ತಿಳಿದು ತಪ್ಪು ಔಷಧ ಬಳಸುತ್ತಾರೆ. ಬೂಜು ರೋಗದಲ್ಲಿ ಎಲೆಯ ಮೇಲ್ಬದಿಯಲ್ಲಿ ಎಣ್ಣೆ ಬಿದ್ದಂತಹ ಹಳದಿ ಮಚ್ಚೆ ಮೂಡಿ, ಅದರ ನೇರ ಕೆಳಗೆ, ಎಲೆಯ ಅಡಿಬದಿಯಲ್ಲಿ ಬಿಳಿಯ ಹತ್ತಿಯಂತಹ ಬೆಳವಣಿಗೆ ಕಾಣುತ್ತದೆ. ಎಲೆ ಗಂಟೆಗಟ್ಟಲೆ ಒದ್ದೆಯಾಗಿದ್ದಾಗ ಇದು ಹರಡುತ್ತದೆ. ಬೂದಿರೋಗದಲ್ಲಿ ಬೂದಿ ಎರಚಿದಂತಹ ಪುಡಿ ಎಲೆಯ ಮೇಲೂ ಕುಡಿಯ ಮೇಲೂ ಕಾಯಿಯ ಮೇಲೂ ಇರುತ್ತದೆ, ಬೆರಳಿನಿಂದ ಉಜ್ಜಿದರೆ ಬರುತ್ತದೆ. ಇದಕ್ಕೆ ಎಲೆ ಒದ್ದೆಯಾಗುವ ಅಗತ್ಯವೇ ಇಲ್ಲ. ನೆರಳು, ಗಾಳಿಯಾಡದ ದಟ್ಟಣೆ ಮತ್ತು ಹಿತವಾದ ಉಷ್ಣತೆ ಸಾಕು. ಮಳೆಯಿಲ್ಲದ ದಿನಗಳಲ್ಲೂ ರೋಗ ಬಂತೆಂದು ಆಶ್ಚರ್ಯಪಡುವವರು ಇದನ್ನು ಗಮನಿಸಬೇಕು.

ಮೂರನೆಯದೊಂದು ನೋಟ ಇವೆರಡರ ವೇಷದಲ್ಲಿ ಬರುತ್ತದೆ. ಎಲೆಯ ಮೇಲ್ಬದಿ ಗುಳ್ಳೆಯಂತೆ ಉಬ್ಬಿ, ಆ ಉಬ್ಬಿನ ಅಡಿಯಲ್ಲಿ ಬಿಳಿಯ ಕಂಬಳಿಯಂತಹ ರೋಮವಿದ್ದರೆ ಅದು ಕಣ್ಣಿಗೆ ಕಾಣದ ನುಸಿಯ ಕೆಲಸ. ಎಲೆ ವಿಕಾರವಾಗುತ್ತದೆಯಾದರೂ ಬಳ್ಳಿಗೆ ಹೆಚ್ಚಿನ ಹಾನಿಯಿಲ್ಲ. ಕೆಲವೇ ಎಲೆಗಳಿದ್ದರೆ ಚಿವುಟಿ ಹಾಕಿದರಾಯಿತು. ಮಳೆಗಾಲದಲ್ಲಿ ಎಳೆಯ ಕುಡಿ ಮತ್ತು ಕಾಯಿಗಳ ಮೇಲೆ ಹಕ್ಕಿಯ ಕಣ್ಣಿನಂತೆ ನಡುವೆ ಬೂದು, ಅಂಚಿಗೆ ಕಪ್ಪಾದ ಗುಳಿಬಿದ್ದ ಕಲೆಗಳು ಮೂಡಿದರೆ ಅದು ಚಿಬ್ಬು ರೋಗ. ಆ ಭಾಗವನ್ನು ಕತ್ತರಿಸಿ ಸುಡಬೇಕು.

ಔಷಧಕ್ಕೆ ಮೊದಲು ಮೂರು ಕೆಲಸಗಳಿವೆ: ಗೊಂಚಲಿನ ಸುತ್ತಲಿನ ಎಲೆಗಳನ್ನು ತೆಳುವಾಗಿಸಿ ಗಾಳಿ ಬಿಡುವುದು, ನೀರನ್ನು ಎಲೆಯ ಮೇಲೆ ಹಾಯಿಸದೆ ಬುಡಕ್ಕೆ ಮಾತ್ರ ಬೆಳಿಗ್ಗೆ ಕೊಡುವುದು, ಬಿದ್ದ ಎಲೆಗಳನ್ನೂ ಬಳ್ಳಿಯಲ್ಲೇ ಒಣಗಿ ನೇತಾಡುವ ಕಾಯಿಗಳನ್ನೂ ತೆಗೆದುಹಾಕುವುದು. ಎಲೆ ತೆಗೆಯುವಾಗ ಬೆಳಗಿನ ಬಿಸಿಲು ಬೀಳುವ ಪೂರ್ವದ ಬದಿಯಲ್ಲಿ, ಕಾಯಿ ಇನ್ನೂ ಚಿಕ್ಕದಿರುವಾಗಲೇ ತೆಗೆಯಬೇಕು. ಕಾಯಿ ದಪ್ಪವಾದ ಮೇಲೆ ಪಶ್ಚಿಮದ ಎಲೆಗಳನ್ನು ಒಮ್ಮೆಲೇ ಕಿತ್ತರೆ ಮಧ್ಯಾಹ್ನದ ಬಿಸಿಲಿಗೆ ಕಾಯಿಯ ಸಿಪ್ಪೆ ಸುಟ್ಟು ಕಂದಾಗುತ್ತದೆ.

ಬೂದಿರೋಗಕ್ಕೆ ನೀರಿನಲ್ಲಿ ಕರಗುವ ಗಂಧಕದ ಪುಡಿ ಹಳೆಯ, ನಂಬಿಕೆಯ ಮದ್ದು. ಲೀಟರಿಗೆ ಸುಮಾರು 2 ಗ್ರಾಂ, ಅಥವಾ ಪೊಟ್ಟಣದ ಮೇಲೆ ಸೂಚಿಸಿದಷ್ಟು. ಉಷ್ಣತೆ 32 ಡಿಗ್ರಿ ಸೆಲ್ಸಿಯಸ್ ದಾಟಿದ ದಿನಗಳಲ್ಲಿ ಗಂಧಕ ಎಲೆಯನ್ನು ಸುಡುತ್ತದೆ, ಬೇವಿನೆಣ್ಣೆಯಂತಹ ಎಣ್ಣೆಗಳನ್ನು ಹೊಡೆದ ಎರಡು ವಾರಗಳೊಳಗೆ ಬಳಸಿದರೂ ಸುಡುತ್ತದೆ. ಕಾಂಕರ್ಡ್‌ನಂತಹ ಅಮೆರಿಕನ್ ಮೂಲದ ಕೆಲವು ತಳಿಗಳು ಗಂಧಕವನ್ನೇ ಸಹಿಸುವುದಿಲ್ಲ. ಅವುಗಳಿಗೆ ಪೊಟ್ಯಾಸಿಯಂ ಬೈಕಾರ್ಬನೇಟನ್ನು ಲೀಟರಿಗೆ 5 ಗ್ರಾಂನಂತೆ ಬಳಸಬಹುದು. ಹೂ ಅರಳುವ ಮುಂಚಿನಿಂದ ಹಿಡಿದು ಕಾಯಿ ಕಚ್ಚಿದ ಮೂರು ನಾಲ್ಕು ವಾರಗಳವರೆಗಿನ ಅವಧಿಯೇ ಕಾಯಿಗೆ ಅತ್ಯಂತ ಅಪಾಯದ ಕಾಲ. ಆಗ ಕಾಪಾಡಿಕೊಂಡರೆ ಮುಂದೆ ಕಾಯಿ ತಾನೇ ರೋಗವನ್ನು ತಡೆದುಕೊಳ್ಳುತ್ತದೆ. ಆಗ ತಪ್ಪಿದರೆ ಸಿಪ್ಪೆ ಗಟ್ಟಿಯಾಗಿ, ಮುಂದೆ ಕಾಯಿ ಹಿಗ್ಗುವಾಗ ಬಿರಿದುಹೋಗುತ್ತದೆ.

ಬೂಜು ರೋಗಕ್ಕೆ ಗಂಧಕ ನಾಟುವುದಿಲ್ಲ, ತಾಮ್ರ ಬೇಕು. ಈ ಮದ್ದಿನ ಹುಟ್ಟಿಗೆ ಒಂದು ಸ್ವಾರಸ್ಯವಿದೆ. ಫ್ರಾನ್ಸಿನ ಬೋರ್ಡೋ ಪ್ರಾಂತ್ಯದಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣದ ನೀಲಿ ಲೇಪ ಬಳಿಯುತ್ತಿದ್ದರು. ರೋಗಕ್ಕೆ ತೋಟವೆಲ್ಲ ಎಲೆ ಉದುರಿಸಿದಾಗಲೂ ಆ ಬಳ್ಳಿಗಳು ಹಸಿರಾಗಿದ್ದುದನ್ನು ಮಿಲಾರ್ದೆ ಎಂಬ ಸಸ್ಯವಿಜ್ಞಾನಿ 1882ರಲ್ಲಿ ಗಮನಿಸಿ, 1885ರಲ್ಲಿ ಇದನ್ನು ಪ್ರಕಟಿಸಿದ. ಶೇಕಡ 1ರ ಬೋರ್ಡೋ ದ್ರಾವಣಕ್ಕೆ 10 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿಯೂ 10 ಗ್ರಾಂ ಸುಣ್ಣವನ್ನು ಇನ್ನೊಂದು ಅರ್ಧ ಲೀಟರಿನಲ್ಲಿಯೂ ಪ್ಲಾಸ್ಟಿಕ್ ಪಾತ್ರೆಗಳಲ್ಲಿ ಕಲಸಿ, ಸೋಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತ ಕದಡಬೇಕು. ಹೊಳೆಯುವ ಕಬ್ಬಿಣದ ಚಾಕುವನ್ನು ಅದರಲ್ಲಿ ಒಂದು ನಿಮಿಷ ಅದ್ದಿದಾಗ ಕೆಂಪು ಬಣ್ಣ ಹತ್ತಿದರೆ ತಾಮ್ರ ಬಿಡಿಯಾಗಿ ಉಳಿದಿದೆ ಎಂದರ್ಥ. ಬಣ್ಣ ಹತ್ತದವರೆಗೆ ಸುಣ್ಣದ ನೀರನ್ನು ಇನ್ನಷ್ಟು ಬೆರೆಸಿ, ಅದೇ ದಿನ ಬಳಸಿ ಮುಗಿಸಬೇಕು. ಎಳೆಯ ಚಿಗುರಿಗೆ ಇದರ ಅರ್ಧ ಬಲ ಸಾಕು, ಹೂ ಅರಳಿರುವಾಗ ಬೇಡವೇ ಬೇಡ. ತಾಮ್ರ ಮಣ್ಣಿನಲ್ಲಿ ಕರಗಿಹೋಗದೆ ಶೇಖರವಾಗುವುದರಿಂದ ವಾರವಾರವೂ ಹೊಡೆಯುವ ಅಭ್ಯಾಸ ಒಳ್ಳೆಯದಲ್ಲ.

ಎಲೆ ಹಳದಿಯಾದರೆ

ಹಳೆಯ ಎಲೆಗಳಲ್ಲಿ ನರಗಳ ನಡುವಿನ ಜಾಗ ಮಾತ್ರ ಹಳದಿಯಾದರೆ ಮೆಗ್ನೀಸಿಯಂ ಕೊರತೆ. ಎಪ್ಸಮ್ ಉಪ್ಪನ್ನು ಲೀಟರಿಗೆ 10 ಗ್ರಾಂನಂತೆ ಕರಗಿಸಿ ಸಂಜೆ ಎಲೆಗಳಿಗೆ ಸಿಂಪಡಿಸಬಹುದು. ತುದಿಯ ಎಳೆಯ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿದ್ದರೆ ಕಬ್ಬಿಣದ ಕೊರತೆ, ಇದು ಸುಣ್ಣದಂಶ ಹೆಚ್ಚಿರುವ ಅಥವಾ ನೀರು ನಿಲ್ಲುವ ಮಣ್ಣಿನ ಲಕ್ಷಣ. ಎಲೆಯ ಅಂಚು ಸುಟ್ಟಂತಾದರೆ ಎರಡು ಕಾರಣಗಳಿರಬಹುದು: ಪೊಟ್ಯಾಷ್ ಕೊರತೆ, ಅಥವಾ ನೀರಿನಲ್ಲಿರುವ ಉಪ್ಪು. ಹೊಸ ಎಲೆಗಳು ಬೀಸಣಿಗೆಯಂತೆ ಮುದುಡಿ ನರಗಳು ಒತ್ತೊತ್ತಾಗಿ ಬಂದರೆ, ಹತ್ತಿರದಲ್ಲಿ ಯಾರಾದರೂ 2,4-ಡಿ ಕಳೆನಾಶಕ ಹೊಡೆದರೇ ಎಂದು ವಿಚಾರಿಸಿ. ಗಾಳಿಯಲ್ಲಿ ತೇಲಿಬಂದ ಅದರ ಅತ್ಯಲ್ಪ ಅಂಶವೂ ದ್ರಾಕ್ಷಿಗೆ ತಾಗುತ್ತದೆ.

ಕೀಟಗಳು

ಮನೆಯಲ್ಲಿ ಹೆಚ್ಚು ಕಾಡುವುದು ಹಿಟ್ಟು ತಿಗಣೆ. ಇದು ಕಾಂಡದ ಸಡಿಲ ತೊಗಟೆಯ ಕೆಳಗೆ ಅಡಗಿದ್ದು, ಕಾಯಿ ಸಿಹಿಯಾಗುವ ಹೊತ್ತಿಗೆ ಗೊಂಚಲಿನೊಳಗೆ ನುಗ್ಗುತ್ತದೆ, ಆಗ ಯಾವ ಔಷಧವೂ ಒಳಗೆ ತಲುಪುವುದಿಲ್ಲ. ಸವರಿದ ಕೂಡಲೇ ಸಡಿಲ ತೊಗಟೆಯನ್ನು ಕೈಯಿಂದ ಕೆರೆದು ತೆಗೆದು ಸುಡುವುದೇ ಸರಿಯಾದ ಕಾಲದ ಕೆಲಸ. ಕಾಂಡದಲ್ಲಿ ಇರುವೆಗಳ ಸಾಲು ಕಂಡರೆ ತಿಗಣೆ ಇದೆಯೆಂದೇ ತಿಳಿಯಿರಿ; ಅದು ಸ್ರವಿಸುವ ಸಿಹಿ ಅಂಟಿಗಾಗಿ ಇರುವೆಗಳು ಅದನ್ನು ಕಾಯುತ್ತವೆ. ಕಾಂಡಕ್ಕೆ ಪಟ್ಟಿ ಸುತ್ತಿ ಅದರ ಮೇಲೆ ಅಂಟು ಬಳಿದು ಇರುವೆಗಳನ್ನು ತಡೆದರೆ ಗುಲಗಂಜಿ ಹುಳುಗಳಂತಹ ಪರಭಕ್ಷಕಗಳು ಉಳಿದುದನ್ನು ನೋಡಿಕೊಳ್ಳುತ್ತವೆ. ಬೇರನ್ನು ಕಾಡುವ ಫಿಲೋಕ್ಸೆರಾ ಹೇನು ಮತ್ತು ಬೇರುಗಂಟು ಜಂತುಹುಳುಗಳಿಗೆ ಮನೆಮದ್ದಿಲ್ಲ. ಅವು ಇರುವ ಮಣ್ಣಿನಲ್ಲಿ ನಿರೋಧಕ ಬೇರುಸಸ್ಯಕ್ಕೆ ಕಸಿ ಕಟ್ಟಿದ ಗಿಡವನ್ನೇ ನೆಡಬೇಕು.

ಹಣ್ಣು ಹುಳಿಯಾದರೆ, ಚಿಕ್ಕದಾದರೆ, ಬಿರಿದರೆ

ದ್ರಾಕ್ಷಿ ಕಿತ್ತ ಮೇಲೆ ಮಾಗುವುದಿಲ್ಲ. ಬಣ್ಣ ಬಂದ ದಿನವೇ ಕೊಯ್ದವರಿಗೆ ಹುಳಿಯೇ ಗತಿ, ಏಕೆಂದರೆ ಬಣ್ಣ ತಿರುಗಿದ ಮೇಲೆ ಸಕ್ಕರೆ ತುಂಬಲು ಇನ್ನೂ ಹಲವು ವಾರಗಳು ಬೇಕು. ಕಾದರೂ ಸಿಹಿ ಬಾರದಿದ್ದರೆ ಬಳ್ಳಿಯ ಮೇಲೆ ಹೊರೆ ಹೆಚ್ಚಾಗಿದೆ. ಒಂದು ಗೊಂಚಲನ್ನು ಮಾಗಿಸಲು ಬಿಸಿಲು ಕಾಣುವ 12–15 ಎಲೆಗಳು ಬೇಕು ಎಂಬ ಲೆಕ್ಕವಿಟ್ಟುಕೊಂಡು, ಕಾಯಿ ಕಡಲೆ ಗಾತ್ರಕ್ಕೆ ಬರುವ ಮೊದಲೇ ಕುಡಿಗೊಂದು ಗೊಂಚಲನ್ನು ಉಳಿಸಿ ಮಿಕ್ಕವನ್ನು ತೆಗೆಯಿರಿ. ಉಳಿದ ಗೊಂಚಲಿನ ತುದಿಯನ್ನೂ ಕಾಲುಭಾಗದಷ್ಟು ಚಿವುಟಿದರೆ ಕಾಯಿಗಳು ಒತ್ತಿಕೊಳ್ಳದೆ ಬೆಳೆಯುತ್ತವೆ, ಕೊಳೆಯುವುದೂ ಕಡಿಮೆಯಾಗುತ್ತದೆ.

ಬೀಜರಹಿತ ತಳಿಯ ಕಾಯಿ ಮಾರುಕಟ್ಟೆಯದಕ್ಕಿಂತ ಚಿಕ್ಕದೆಂದು ಬೇಸರಪಡುವ ಕಾರಣವಿಲ್ಲ. ಕಾಯಿ ಹಿಗ್ಗಲು ಬೀಜ ಒದಗಿಸಬೇಕಾದ ಪ್ರಚೋದಕವನ್ನು ತೋಟಗಳಲ್ಲಿ ಜಿಬ್ಬರೆಲಿಕ್ ಆಮ್ಲದ ರೂಪದಲ್ಲಿ ಹೊರಗಿನಿಂದ ಕೊಡುತ್ತಾರೆ. ಮನೆಯಲ್ಲಿ ಬೆಳೆದದ್ದು ಆ ತಳಿಯ ಸ್ವಂತ ಗಾತ್ರ.

ಬಿರಿಯುವಿಕೆಗೆ ಕಾರಣ ಒಣಗಿದ ಮಣ್ಣಿಗೆ ಒಮ್ಮೆಲೇ ಬಿದ್ದ ನೀರು. ಬುಡಕ್ಕೆ ನಾಲ್ಕು ಬೆರಳು ದಪ್ಪಕ್ಕೆ ಒಣ ಎಲೆಯ ಹೊದಿಕೆ ಹಾಕಿ, ಕಾಯಿ ಮೆತ್ತಗಾಗಲು ತೊಡಗಿದಂದಿನಿಂದ ನೀರನ್ನು ಕಡಿಮೆ ಪ್ರಮಾಣದಲ್ಲಿ, ಆದರೆ ಒಂದೇ ಸಮನಾಗಿ ಕೊಡಿ. ಕುಂಡದಲ್ಲಿ ಬೆಳೆಸಿದವರಿಗೆ ಇದು ಇನ್ನೂ ಕಷ್ಟ. 40 ಲೀಟರಿಗಿಂತ ಚಿಕ್ಕ ಕುಂಡದಲ್ಲಿ ತೇವ ಬೆಳಿಗ್ಗೆಯಿಂದ ಸಂಜೆಗೆ ಬದಲಾಗಿಬಿಡುತ್ತದೆ.

ಹಕ್ಕಿ ಮತ್ತು ಕಣಜಗಳಿಗೆ ಬಲೆಗಿಂತ ಗೊಂಚಲಿಗೊಂದು ಕಾಗದದ ಚೀಲವೇ ಸುಲಭವೆಂದು ನನಗೆ ತೋರುತ್ತದೆ. ಕಾಯಿ ಮೆತ್ತಗಾಗುವ ಮೊದಲೇ, ಒಣ ಹವೆಯ ದಿನ ನೋಡಿ ಚೀಲ ಕಟ್ಟಿ, ನೀರು ಹರಿದುಹೋಗಲು ತಳದ ಮೂಲೆಗಳನ್ನು ಕತ್ತರಿಸಿ. ಕೊಯ್ಲಿನ ದಿನವನ್ನು ತೀರ್ಮಾನಿಸಲು ಒಂದು ಚೀಲವನ್ನು ಬಿಚ್ಚಿ, ಗೊಂಚಲಿನ ಭುಜದ ಕಾಯಿಯನ್ನು ಬಿಟ್ಟು ತೀರ ತುದಿಯ ಕಾಯಿಯನ್ನು ತಿಂದು ನೋಡಿ, ಏಕೆಂದರೆ ಕೊನೆಗೆ ಮಾಗುವುದು ಅದೇ. ಬೀಜವಿರುವ ತಳಿಯಾದರೆ ಬೀಜ ಹಸಿರು ಬಿಟ್ಟು ಕಂದಾಗಿರಬೇಕು. ತೊಟ್ಟನ್ನು ಎಳೆಯದೆ ಕತ್ತರಿಯಿಂದ ಕತ್ತರಿಸಿ. ನೆಲಕ್ಕುದುರಿದ ಕಾಯಿಗಳನ್ನೂ ಅಂದೇ ಆರಿಸಿ ತೆಗೆಯಿರಿ, ಮನೆಯಲ್ಲಿ ನಾಯಿಯಿದ್ದರಂತೂ ತಪ್ಪದೆ, ಏಕೆಂದರೆ ದ್ರಾಕ್ಷಿ ನಾಯಿಗಳ ಮೂತ್ರಪಿಂಡಕ್ಕೆ ವಿಷ.